ಗ್ರಾಂಟ್ ರೋಡಿನ ಗೋಡೆಗಳೂ ಎಂಟು ಎಳೆಯ ತಂತಿಯೂ

1870ನೆಯ ಇಸವಿಯಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ, ಆ ಕಾಲಕ್ಕೆ ಭೂಮಂಡಲದಲ್ಲೇ ಅತಿ ದೊಡ್ಡದೆನಿಸಿದ್ದ ಹಡಗು ಮುಂಬಯಿಯಿಂದ ಏಡನ್ ಬಂದರದವರೆಗೆ ಕಡಲಿನ ತಳದಲ್ಲಿ ತಾರು ತಂತಿಯನ್ನು ಹಾಸಿತು. ಅಂದಿನಿಂದ ಇಂದಿನವರೆಗೂ ದೂರದೇಶಗಳ ವಾರ್ತೆ ನಮ್ಮ ದೇಶವನ್ನು ಪ್ರವೇಶಿಸುವ ಮಹಾದ್ವಾರಗಳಲ್ಲಿ ಈ ನಗರದ ಪಶ್ಚಿಮ ತೀರವೂ ಒಂದಾಗಿ ಉಳಿದಿದೆ. ತಾಮ್ರದ ತಾರಿನ ಸ್ಥಾನಕ್ಕೆ ಈಗ ಕೂದಲೆಳೆಯಷ್ಟು ಸೂಕ್ಷ್ಮವಾದ ಗಾಜಿನ ಎಳೆಗಳು ಬಂದಿವೆ. ಖಂಡಾಂತರಗಳಿಂದ ಹೊರಟ ಬೆಳಕಿನ ಮಿಡಿತಗಳು ವರ್ಸೋವಾದಂಥ ಕಡೆಗಳಲ್ಲಿ ದಡ ಸೇರಿ, ನಗರದ ಬೀದಿಗಳ ಅಡಿಯಲ್ಲಿ ಹರಿದು, ಯಾವುದೋ ಕಟ್ಟಡದ ತಾರಸಿಯನ್ನೇರಿ, ಅಲ್ಲಿಂದ ಇಳಿದು, ಗ್ರಾಂಟ್ ರೋಡಿನ ಹಳೆಯ ಮನೆಯೊಂದರ ಮುಂಬಾಗಿಲಿನ ಮೇಲೆ ಮೊಳೆ ಹೊಡೆದು ಕೂರಿಸಿದ ಪೆಟ್ಟಿಗೆಯನ್ನು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮುಟ್ಟುತ್ತವೆ. ಅಲ್ಲಿಂದ ಒಳಕೋಣೆ ಹೆಚ್ಚೆಂದರೆ ಹತ್ತು ಮಾರು. ಸಾವಿರಾರು ಮೈಲಿಗಳನ್ನು ನಿರಾಯಾಸವಾಗಿ ದಾಟಿ ಬಂದದ್ದು ಈ ಹತ್ತು ಮಾರನ್ನು ದಾಟಲಾರದೆ ಸೋಲುವುದೂ, ಒಳಗೆ ಪರೀಕ್ಷೆಗೆ ಓದುತ್ತಿರುವ ಹುಡುಗಿ ‘ನೆಟ್ ಬರ್ತಾ ಇಲ್ಲ’ ಎಂದು ಕೂಗಿಕೊಳ್ಳುವುದೂ ಇಲ್ಲಿನ ನಿತ್ಯದ ಸಂಗತಿ.

ಬಾಗಿಲವರೆಗೆ ತಂದು ಕೊಡುವುದು ಸಂಪರ್ಕ ಒದಗಿಸುವ ಸಂಸ್ಥೆಯ ಕೆಲಸ. ಬಾಗಿಲಿನಿಂದ ಒಳಕ್ಕೆ ಒಯ್ಯುವುದು ಗೃಹಸ್ಥನ ಕೆಲಸ. ಈ ವಿಭಾಗ ಯಾವ ಕರಾರಿನಲ್ಲೂ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವುದಿಲ್ಲವಾದ್ದರಿಂದ, ತಿಂಗಳು ತಿಂಗಳು ಹಣ ತೆತ್ತವನು ಮನೆಯ ಮೂಲೆಮೂಲೆಗೂ ಅದೇ ವೇಗ ಹರಿಯತಕ್ಕದ್ದೆಂದು ಭಾವಿಸಿರುತ್ತಾನೆ.

ಗ್ರಾಂಟ್ ರೋಡೆಂಬುದು 1835ರಿಂದ 1838ರವರೆಗೆ ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಸರ್ ರಾಬರ್ಟ್ ಗ್ರಾಂಟನ ಹೆಸರನ್ನು ಹೊತ್ತ ಪ್ರದೇಶ. ರಸ್ತೆಗೆ ಮೌಲಾನಾ ಶೌಕತ್ ಅಲಿಯವರ ಹೆಸರು ಬಂದು ಎಷ್ಟೋ ಕಾಲವಾದರೂ ರೈಲ್ವೆ ಸ್ಟೇಷನ್ನಿನ ಫಲಕ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಸ್ಟೇಷನ್ನಿನ ಪಶ್ಚಿಮಕ್ಕೆ ನಾನಾ ಚೌಕ, ಅದನ್ನು ದಾಟಿದರೆ ಗಾಮದೇವಿ. ಉತ್ತರ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಓದುಗರಿಗೆ ಈ ಗಾಮದೇವಿ ಪರಕೀಯವಲ್ಲ. ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗಕ್ಕೆ ಸೇರಿದ, ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತು ಉದ್ಯೋಗಾರ್ಥವಾಗಿ ಮುಂಬಯಿಗೆ ಬಂದ ಸಾರಸ್ವತರು, ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರ ಮುಂದಾಳುತನದಲ್ಲಿ 1915ರಲ್ಲಿ ಇಲ್ಲಿಯೇ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು; ಏಷ್ಯ ಖಂಡದಲ್ಲೇ ಇಂಥ ಸಂಘಗಳಲ್ಲಿ ಮೊದಲನೆಯದೆಂಬ ಕೀರ್ತಿ ಅದಕ್ಕಿದೆ. ಅದೇ ತಲ್ಮಕಿಯವರು ಅದಕ್ಕೂ ಮುನ್ನ, 1906ರಲ್ಲಿ, ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕಿಗೆ ಬುನಾದಿ ಹಾಕಿದ್ದರು. ಒಂದೇ ಗೋಡೆಯ ಎರಡು ಮಗ್ಗುಲಿಗೂ ಬೇರೆ ಬೇರೆ ಸಂಸಾರಗಳು ಬಾಳುವಾಗ ಆ ಗೋಡೆಯ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ವಿವೇಕವನ್ನು ನಮ್ಮ ಕರಾವಳಿಯ ಜನ ಈ ಬೀದಿಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಭ್ಯಾಸ ಮಾಡುತ್ತಿದ್ದಾರೆ. ತಂತಿಯ ಪ್ರಸಂಗದಲ್ಲಿ ಆ ವಿವೇಕ ಹೇಗೆ ಒದಗುತ್ತದೆಂಬುದು ಮುಂದೆ ಬರುತ್ತದೆ.

ಈ ಪ್ರದೇಶದ ಬಹುಸಂಖ್ಯೆಯ ಕಟ್ಟಡಗಳು 1940ರ ಸೆಪ್ಟೆಂಬರಿಗೆ ಮುನ್ನ ಎದ್ದವು. ಸರಕಾರದ ದಫ್ತರದಲ್ಲಿ ಅವು ಸೆಸ್ ಕಟ್ಟಡಗಳ, ಅಂದರೆ ದುರಸ್ತಿಗಾಗಿ ಸೆಸ್ ಎಂಬ ಕರ ತೆರುವ ಕಟ್ಟಡಗಳ, ಮೊದಲನೆಯ ವರ್ಗ. ಭಾರವನ್ನು ಕಂಬಗಳ ಮೇಲೆ ಹೊರಿಸದೆ ಗೋಡೆಗಳ ಮೇಲೆಯೇ ಹೊರಿಸುತ್ತಿದ್ದ ಕಾಲದವಾದ್ದರಿಂದ ಅವುಗಳ ಗೋಡೆ ಇಂದಿನ ಗೋಡೆಗಿಂತ ಎರಡು ಪಾಲು, ಕೆಲವೆಡೆ ಮೂರು ಪಾಲು ದಪ್ಪ: ಇಟ್ಟಿಗೆ, ಕಲ್ಲು, ಸುಣ್ಣದ ಗಾರೆ, ನಡುನಡುವೆ ಬರ್ಮಾ ತೇಗದ ತೊಲೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಈ ಗೋಡೆಗಳು ತಂಪನ್ನು ಕಾಪಾಡುತ್ತವೆ. ಅದೇ ದಪ್ಪದಿಂದಲೇ ವೈಫೈಯ ತರಂಗಗಳನ್ನು ನುಂಗುತ್ತವೆ. ಮನೆಬಳಕೆಯ ವೈಫೈ ಮುಖ್ಯವಾಗಿ ಎರಡು ಅಲೆಪಟ್ಟಿಗಳಲ್ಲಿ ನಡೆಯುತ್ತದೆ. 2.4 ಗಿಗಾಹರ್ಟ್ಸಿನ ಅಲೆ ಗೋಡೆಯನ್ನು ಸ್ವಲ್ಪ ಮಟ್ಟಿಗೆ ಭೇದಿಸಬಲ್ಲದು, ಆದರೆ ಅದರ ವೇಗ ಕಡಿಮೆ. 5 ಗಿಗಾಹರ್ಟ್ಸಿನ ಅಲೆ ವೇಗವಾದದ್ದು, ಆದರೆ ದಪ್ಪ ಗೋಡೆಯೊಂದು ಅಡ್ಡ ಬಂದೊಡನೆ ಬಹುಪಾಲು ಅಳಿದುಹೋಗುತ್ತದೆ. ಅದಕ್ಕೆ ಮೇಲಾಗಿ, 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಉಪಯೋಗಿಸಬಹುದಾದ ಚಾನೆಲ್‌ಗಳು 1, 6, 11 ಎಂಬ ಮೂರೇ. ಅಕ್ಕಪಕ್ಕದ, ಮೇಲಿನ, ಕೆಳಗಿನ ಖೋಲಿಗಳಿಂದ ಹೊಮ್ಮುವ ಹತ್ತಾರು ರೌಟರುಗಳ ದನಿ ಈ ಮೂರರೊಳಗೇ ಅಡಕವಾಗಬೇಕು. ಒಂದು ಚಾನೆಲ್ಲಿನಲ್ಲಿ ಒಂದು ಕ್ಷಣಕ್ಕೆ ಒಬ್ಬನೇ ಮಾತಾಡಬಹುದಾದ್ದರಿಂದ, ಚಾಳಿನ ಒಂದೇ ನಲ್ಲಿಯ ಮುಂದೆ ಇಡೀ ಮಾಳಿಗೆಯವರು ಕೊಡ ಹಿಡಿದು ಸರದಿ ಕಾಯುವಂತೆ ಎಲ್ಲ ಉಪಕರಣಗಳೂ ಕಾಯುತ್ತವೆ. ವೇಗ ಕುಗ್ಗುವುದು ಅದರಿಂದ. ವಿಡಿಯೊದಲ್ಲಿ ಮಾತಾಡುವಾಗ ಎದುರಿನವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುವುದೂ ಬಹುಮಟ್ಟಿಗೆ ಅದರಿಂದಲೇ.

ಇದಕ್ಕೆ ಪರಿಹಾರವೆಂದು ಅಂಗಡಿಯವನು ಮೊದಲು ಮುಂದಿಡುವ ವಸ್ತು ರಿಪೀಟರ್, ಅರ್ಥಾತ್ ಬಂದ ಅಲೆಯನ್ನು ಹಿಡಿದು ಮತ್ತೆ ಬಿತ್ತರಿಸುವ ಸಣ್ಣ ಉಪಕರಣ. ಅದನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಬಾಡಿಗೆಯ ಖೋಲಿಯಲ್ಲಿ ಆರು ತಿಂಗಳು ಇರುವವನಿಗೆ ಅದು ಸಾಕು. ಆದರೆ ಒಂದೇ ರೇಡಿಯೊ ಉಳ್ಳ ರಿಪೀಟರು ಕೇಳುವುದಕ್ಕೂ ಹೇಳುವುದಕ್ಕೂ ಅದೇ ಚಾನೆಲ್ಲನ್ನು ಬಳಸುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ, ಮತ್ತು ದುರ್ಬಲವಾದ ಅಲೆಯನ್ನು ಹಿಡಿದು ಕೊಟ್ಟರೆ ದುರ್ಬಲವಾದದ್ದನ್ನೇ ದೊಡ್ಡ ದನಿಯಲ್ಲಿ ಕೊಟ್ಟಂತಾಗುತ್ತದೆ. ಅಲ್ಲಾಡದೆ ಒಂದೆಡೆ ಕುಳಿತಿರುವ ವಸ್ತುವಿಗೆ ತಂತಿ, ಕೈಯಲ್ಲಿ ಹಿಡಿದು ಓಡಾಡುವ ವಸ್ತುವಿಗೆ ಗಾಳಿ: ನಾನು ಒಪ್ಪಿರುವ ವಿಂಗಡಣೆ ಇದು. ಟಿವಿ, ಮೇಜಿನ ಮೇಲಿನ ಕಂಪ್ಯೂಟರ್, ಕಾವಲಿನ ಕ್ಯಾಮೆರಾ ಇವಕ್ಕೆಲ್ಲ ತಂತಿಯನ್ನು ಕೊಟ್ಟುಬಿಟ್ಟರೆ ಗಾಳಿಯ ಮಾರ್ಗ ಮೊಬೈಲಿಗಾಗಿ ತೆರವಾಗುತ್ತದೆ. ಒಳಕೋಣೆಯ ಮೊಬೈಲಿಗೂ ಅಲೆ ಬೇಕೆಂದಾದರೆ, ಆ ಅಲೆಯನ್ನು ಹೊರಡಿಸುವ ಪೆಟ್ಟಿಗೆಯನ್ನೇ ಒಳಕೋಣೆಯಲ್ಲಿಟ್ಟು, ಅದರವರೆಗೆ ತಂತಿಯನ್ನು ಎಳೆಯಬೇಕು.

ಗ್ರಾಂಟ್ ರೋಡಿಗೆ ತಂತಿ ಹೊಸದೇನೂ ಅಲ್ಲ. 1991ರ ಕೊಲ್ಲಿ ಯುದ್ಧದ ಸಮಯದಿಂದ ತೊಡಗಿ ಕೇಬಲ್ ಟಿವಿಯವರು ಈ ಬೀದಿಗಳ ತಾರಸಿಯಿಂದ ತಾರಸಿಗೆ ಕರಿಯ ತಂತಿಗಳನ್ನು ಎಸೆದು ಆಕಾಶವನ್ನು ಹೆಣೆದುಬಿಟ್ಟಿದ್ದರು. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದಾಗ ಅದು ಬಂದದ್ದು ಟೆಲಿಫೋನಿನ ತಂತಿಯ ಮೇಲೆ. 1998ರಲ್ಲಿ ಖಾಸಗಿಯವರಿಗೂ ಅವಕಾಶವಾದ ಬಳಿಕ ಅದೇ ಕೇಬಲ್‌ವಾಲಾ, ಅದೇ ತಾರಸಿಗಳ ಮೇಲೆ, ಈ ಸಲ ಎಂಟು ಎಳೆಯ ಲ್ಯಾನ್ ಕೇಬಲ್ಲನ್ನು ಹೊತ್ತು ಬಂದನು. ಮೆಟ್ಟಿಲಿನ ತಿರುವಿನಲ್ಲಿ ತಗಡಿನ ಪೆಟ್ಟಿಗೆಯೊಂದರಲ್ಲಿ ಸ್ವಿಚ್ಚನ್ನು ಕೂಡಿಸಿ, ಅಲ್ಲಿಂದ ಮಾಳಿಗೆಗೊಂದರಂತೆ ತಂತಿ ಹಂಚುತ್ತಿದ್ದನು. 2004ರ ಸರಕಾರಿ ನೀತಿ ಸೆಕೆಂಡಿಗೆ 256 ಕಿಲೊಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಅನುಮತಿಸಿದ್ದ ಕಾಲ ಅದು. ಮಳೆಗಾಲದಲ್ಲಿ ಮಿಂಚು ಹೊಡೆದ ರಾತ್ರಿಯ ಮಾರನೆಯ ಬೆಳಗ್ಗೆ ಇಡೀ ಮಾಳಿಗೆಯ ಕಂಪ್ಯೂಟರುಗಳ ಪೋರ್ಟುಗಳು ಸುಟ್ಟುಹೋಗಿರುವುದೂ ಉಂಟಾಗಿತ್ತು. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತೂಗುವ ತಾಮ್ರ, ಸಿಡಿಲಿನ ಆಘಾತವನ್ನು ಮನೆಯೊಳಕ್ಕೆ ಆಮಂತ್ರಿಸುತ್ತದೆ. ಈಗ ಹೊರಗಿನ ದಾರಿಗೆಲ್ಲ ಗಾಜಿನ ಎಳೆ, ಅಂದರೆ ಫೈಬರ್, ಬಂದಿರುವುದರ ದೊಡ್ಡ ಉಪಕಾರಗಳಲ್ಲಿ ಇದೊಂದು: ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದ್ದರಿಂದ ಎದುರುಗಡೆಯ ಕಟ್ಟಡದಲ್ಲಿರುವ ತಮ್ಮನ ಖೋಲಿಗೂ ಇದೇ ಸಂಪರ್ಕವನ್ನು ತಾಮ್ರದ ತಂತಿಯಲ್ಲಿ ಎಳೆದುಬಿಡೋಣವೆಂಬ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡುವುದು ಕ್ಷೇಮ. ಮನೆಯೊಳಗೆ ಮಾತ್ರ ತಾಮ್ರವೇ ಇಂದಿಗೂ ಅನುಕೂಲ.

ತಾಮ್ರದ ಆ ತಂತಿಯನ್ನು ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಜೋಡಿ ಎಳೆಗಳು, ಪ್ರತಿ ಜೋಡಿಯೂ ಒಂದಕ್ಕೊಂದು ಹುರಿಗೊಂಡು ಮಲಗಿರುವುದು ಕಾಣುತ್ತದೆ. ಈ ಹುರಿಯ ಹಿಂದೆ ಟೆಲಿಫೋನಿನ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಬುದ್ಧಿಯಿದೆ; 1881ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದನು. ಜೋಡಿಯ ಒಂದು ಎಳೆಯಲ್ಲಿ ಸಂಕೇತ ಏರಿದರೆ ಇನ್ನೊಂದರಲ್ಲಿ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಕೊನೆಯಲ್ಲಿರುವ ಯಂತ್ರ ಎರಡರ ಅಂತರವನ್ನು ಮಾತ್ರ ಅಳೆಯುತ್ತದೆ. ದಾರಿಯಲ್ಲಿ ಫ್ಯಾನಿನ ಮೋಟಾರೋ ಟ್ಯೂಬ್‌ಲೈಟಿನ ಚೋಕೋ ಎರಚುವ ಗದ್ದಲ, ಎರಡೂ ಎಳೆಗಳು ಸುತ್ತಿಕೊಂಡು ಸ್ಥಳ ಬದಲಿಸುತ್ತ ಸಾಗುವ ಕಾರಣ, ಎರಡರ ಮೇಲೂ ಸಮನಾಗಿ ಬೀಳುತ್ತದೆ. ಅಂತರವನ್ನು ತೆಗೆದಾಗ ಸಮನಾದದ್ದು ತಾನಾಗಿ ಕಳೆದುಹೋಗಿ ಸಂಕೇತವೊಂದೇ ಉಳಿಯುತ್ತದೆ. ನಾಲ್ಕು ಜೋಡಿಗಳೂ ತಮ್ಮತಮ್ಮಲ್ಲೇ ಗದ್ದಲವನ್ನು ಹಂಚಿಕೊಳ್ಳಬಾರದೆಂದು ಒಂದೊಂದು ಜೋಡಿಯ ಹುರಿಯ ಬಿಗಿ ಒಂದೊಂದು ತೆರನಾಗಿರುತ್ತದೆ. ಇಷ್ಟು ಸರಳವಾದ ಉಪಾಯವೊಂದು ತಾರು ಯುಗದಿಂದ ಅಂತರ್ಜಾಲದ ಯುಗದವರೆಗೆ ಬದಲಾಗದೆ ನಡೆದುಬಂದಿರುವುದನ್ನು ಕಂಡಾಗ, ಕಪಾಟಿನ ಹಿಂದೆ ಧೂಳು ತಿನ್ನುತ್ತ ಬಿದ್ದಿರುವ ಬೂದುಬಣ್ಣದ ಆ ತಂತಿಯ ಮೇಲೆ ಸ್ವಲ್ಪ ಗೌರವ ಹುಟ್ಟುತ್ತದೆ.

ಇದರ ಮೇಲೆ ನಡೆಯುವ ಈಥರ್ನೆಟ್ಟೆಂಬ ಪದ್ಧತಿ 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ಮೊದಲಾದವರಿಂದ ರೂಪುಗೊಂಡಿತು. ಅದು ಆರಂಭದಲ್ಲಿ ದಪ್ಪನೆಯ ಕೇಬಲ್ಲನ್ನು ಅವಲಂಬಿಸಿದ್ದು, 1990ರ ಹೊತ್ತಿಗೆ ಹುರಿಗೊಂಡ ಜೋಡಿ ತಂತಿಗೆ ಅಧಿಕೃತವಾಗಿ ಒಗ್ಗಿತು. 1999ರಲ್ಲಿ ಸೆಕೆಂಡಿಗೆ ಸಾವಿರ ಮೆಗಾಬಿಟ್ಟಿನ ವೇಗ ಅದೇ ತಂತಿಗೆ ದಕ್ಕಿತು. ಒಂದು ತಂತಿಯ ಉದ್ದ ನೂರು ಮೀಟರನ್ನು ಮೀರಬಾರದೆಂಬುದು ನಿಯಮ. ಗ್ರಾಂಟ್ ರೋಡಿನ ಖೋಲಿಗಳಲ್ಲಿ ಅಷ್ಟು ಉದ್ದ ಎಳೆಯಬೇಕೆಂದರೂ ಸ್ಥಳವಿರುವುದಿಲ್ಲ. ಕ್ಯಾಟ್ ಫೈವ್-ಇ ಎಂಬ ದರ್ಜೆಯ ತಂತಿ ಸಾವಿರ ಮೆಗಾಬಿಟ್ಟನ್ನು ನೂರು ಮೀಟರು ಸಾಗಿಸಬಲ್ಲದು. ಕ್ಯಾಟ್ ಸಿಕ್ಸ್ ಅದಕ್ಕಿಂತ ಮೇಲ್ದರ್ಜೆ, ಕಡಿಮೆ ದೂರಕ್ಕೆ ಅದರ ಹತ್ತು ಪಟ್ಟು ವೇಗವನ್ನೂ ತಾಳಬಲ್ಲದು. ಬೆಲೆಯ ವ್ಯತ್ಯಾಸ ಅಲ್ಪವಾದ್ದರಿಂದಲೂ ತಂತಿಯನ್ನು ಮತ್ತೆ ಮತ್ತೆ ಎಳೆಯುವಂತಿಲ್ಲವಾದ್ದರಿಂದಲೂ ಕ್ಯಾಟ್ ಸಿಕ್ಸನ್ನೇ ಹಾಕಿಸುವುದು ಲೇಸು. ಅದಕ್ಕೂ ಮೇಲಿನ ಅಂಕಿಗಳನ್ನು ತೋರಿಸಿ ದುಬಾರಿ ತಂತಿಯನ್ನು ಮಾರಬಂದರೆ ನಮಸ್ಕಾರ ಹೇಳಿ ಮುಂದೆ ನಡೆಯಬಹುದು.

ತಂತಿಯನ್ನು ಕೊಳ್ಳುವುದಕ್ಕಾಗಿ ಈ ಊರಿನವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಸ್ಟೇಷನ್ನಿನ ಪೂರ್ವಕ್ಕೆ ಕೆಲವೇ ಹೆಜ್ಜೆಯಲ್ಲಿ ಲ್ಯಾಮಿಂಗ್ಟನ್ ರೋಡು, ಈಗಿನ ಡಾಕ್ಟರ್ ಭಡಕಮಕರ ಮಾರ್ಗ. ರೇಡಿಯೊ ಬಿಡಿಭಾಗಗಳಿಂದ ತೊಡಗಿ ಕಂಪ್ಯೂಟರಿನವರೆಗೆ ವಿದ್ಯುನ್ಮಾನ ವಸ್ತುಗಳೆಲ್ಲ ದೊರೆಯುವ, ಇಡೀ ಪಶ್ಚಿಮ ಭಾರತಕ್ಕೆ ಪರಿಚಿತವಾದ ಪೇಟೆ ಇದು. ಇದೇ ರಸ್ತೆಯ ಮಿನರ್ವಾ ಚಿತ್ರಮಂದಿರದಲ್ಲಿ 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಐದು ವರ್ಷಗಳ ಕಾಲ ನಡೆಯಿತು. ಆಗ ಟಿಕೆಟ್ಟಿಗೆ ನಿಲ್ಲುತ್ತಿದ್ದ ಜನಸಂದಣಿಗೆ ಏನೂ ಕಡಿಮೆಯಿಲ್ಲದ ನೂಕುನುಗ್ಗಲು ಈಗ ಪೆನ್‌ಡ್ರೈವಿಗೂ ಕ್ಯಾಮೆರಾಕ್ಕೂ ಆಗುತ್ತದೆ. ಈ ಪೇಟೆಯಲ್ಲಿ ಗಿರಾಕಿ ಕಲಿಯತಕ್ಕ ಮೊದಲ ಪಾಠ ‘ಸಿಸಿಎ’ ಎಂಬ ಮೂರಕ್ಷರ. ಅಲ್ಯೂಮಿನಿಯಮ್ಮಿನ ಎಳೆಯ ಮೇಲೆ ತಾಮ್ರದ ತೆಳುವಾದ ಕವಚ ಹೊದಿಸಿದ ತಂತಿಗೆ ವ್ಯಾಪಾರದಲ್ಲಿ ಆ ಹೆಸರು. ಪ್ರಾಮಾಣಿಕನಾದ ಅಂಗಡಿಯವನು ‘ಪ್ಯೂರ್ ಕಾಪರ್ ಬೇಕೋ, ಸಿಸಿಎ ಬೇಕೋ’ ಎಂದು ತಾನಾಗಿಯೇ ಕೇಳುತ್ತಾನೆ. ಕೇಳದವನ ಬಳಿ ನಾವೇ ಕೇಳಬೇಕು. ಉತ್ತರ ಬಂದ ಮೇಲೂ ತುಂಡೊಂದನ್ನು ಬೇಡಿ, ಎಳೆಯ ಮೈಯನ್ನು ಬ್ಲೇಡಿನಿಂದ ಹೆರೆದು ನೋಡಬೇಕು. ಒಳಗಿನವರೆಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಮ್. 305 ಮೀಟರಿನ ಪೂರ್ತಿ ಪೆಟ್ಟಿಗೆಯನ್ನು ಕೊಳ್ಳುವವನು ಕೈಯಲ್ಲಿ ಎತ್ತಿ ನೋಡಿದರೂ ಸಾಕು, ಅಲ್ಯೂಮಿನಿಯಮ್ಮಿನ ಸಾಂದ್ರತೆ ತಾಮ್ರದ ಮೂರನೆಯ ಒಂದು ಭಾಗಕ್ಕೂ ಕಡಿಮೆಯಾದ್ದರಿಂದ ಹಗುರತನವೇ ಗುಟ್ಟನ್ನು ಹೇಳಿಬಿಡುತ್ತದೆ. ಇಂಥ ತಂತಿ ಮೊದಲ ದಿನ ಕೆಲಸ ಮಾಡುವುದಿಲ್ಲವೆಂದಲ್ಲ. ಅದರ ಎಳೆ ಬಾಗಿದಲ್ಲಿ ಮುರಿಯುವ ಸ್ವಭಾವದ್ದು, ಹೆಚ್ಚು ಪ್ರತಿರೋಧವುಳ್ಳದ್ದು. ತಂತಿಯ ಮೂಲಕವೇ ವಿದ್ಯುತ್ತನ್ನೂ ಪಡೆಯುವ ಕ್ಯಾಮೆರಾಗಳಿಗೆ ಜೋಡಿಸಿದರೆ ಕಾಯುತ್ತದೆ, ಮತ್ತು ಕ್ಯಾಟ್ ದರ್ಜೆಗಳ ಪ್ರಮಾಣಕ್ಕೆ ಅದು ಒಳಪಡುವುದೇ ಇಲ್ಲ, ಹೊರಮೈಮೇಲೆ ಏನೇ ಅಚ್ಚಾಗಿರಲಿ.

ತಂತಿ ಕೆಡುವುದು ನಡುವಿನಲ್ಲಿ ಅಪರೂಪ, ಕೆಡುವುದು ತುದಿಯಲ್ಲಿ. ಆದ್ದರಿಂದ ತುದಿ ಕಟ್ಟುವವನ ಕೈಯನ್ನು ಹತ್ತಿರದಿಂದ ನೋಡಬೇಕು. ಪೇಟೆಯ ಕಟ್ಟೆಯೊಂದರ ಮೇಲೆ ಮೊಣಕಾಲಿನ ನಡುವೆ ತಂತಿಯನ್ನು ಹಿಡಿದು ಕುಳಿತ ಹುಡುಗ ಹೊರಗಿನ ತೊಗಲನ್ನು ಒಂದು ಸುತ್ತು ಕೊಯ್ದು ಸುಲಿಯುತ್ತಾನೆ. ಹುರಿಯನ್ನು ಬಿಚ್ಚಿ, ಎಂಟೂ ಎಳೆಗಳನ್ನು ಹೆಬ್ಬೆರಳಿನ ಉಗುರಿನಿಂದ ನೇರ್ಪಡಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಒತ್ತಾಗಿ ಜೋಡಿಸಿ, ತುದಿಯನ್ನು ಒಂದೇ ಏಟಿಗೆ ಸಮನಾಗಿ ಕತ್ತರಿಸಿ, ಆರ್‌ಜೆ-45 ಎಂಬ ಪಾರದರ್ಶಕ ಪ್ಲಗ್ಗಿನೊಳಗೆ ತೂರಿಸಿ, ಇಕ್ಕಳದಂಥ ಕ್ರಿಂಪಿಂಗ್ ಟೂಲಿನಿಂದ ಅದುಮುತ್ತಾನೆ. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಮುಗಿದಂತೆ ತೋರುವ ಈ ಕೆಲಸದಲ್ಲಿ ಗಮನಿಸಬೇಕಾದ ಅಂಶಗಳುಂಟು. ಹುರಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಿರಬಾರದು. ಹೊರತೊಗಲು ಪ್ಲಗ್ಗಿನ ಒಳಕ್ಕೆ ಸೇರಿ ಅದರ ಹಲ್ಲಿಗೆ ಸಿಕ್ಕಿರಬೇಕು, ಇಲ್ಲದಿದ್ದರೆ ಗುಡಿಸುವಾಗ ಪೊರಕೆ ತಾಗಿದರೂ ಎಳೆ ಕಳಚಿಕೊಳ್ಳುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬಣ್ಣದ ಕ್ರಮ. ಹಸಿರು ಜೋಡಿಯ ಎರಡು ಎಳೆಗಳು ಮೂರನೆಯ ಮತ್ತು ಆರನೆಯ ಸ್ಥಾನಗಳಲ್ಲಿ ಅಗಲಿ ನಿಂತು, ನಡುವೆ ನೀಲಿ ಜೋಡಿ ಬರುವ ಏರ್ಪಾಟು ಹೊಸಬನ ಕಣ್ಣಿಗೆ ಅವ್ಯವಸ್ಥೆಯಂತೆ ಕಾಣುತ್ತದೆ. ಅಂದವಾಗಿರಲೆಂದು ಅವನು ಜೋಡಿಗಳನ್ನು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲಿಸಿ, ಎರಡೂ ತುದಿಗಳಲ್ಲಿ ಹಾಗೆಯೇ ಕಟ್ಟಿಬಿಡುತ್ತಾನೆ. ಟೆಸ್ಟರಿನ ಎಂಟು ದೀಪಗಳೂ ಕ್ರಮವಾಗಿ ಬೆಳಗುತ್ತವೆ, ಏಕೆಂದರೆ ಅಗ್ಗದ ಟೆಸ್ಟರ್ ನೋಡುವುದು ತಂತಿ ಈ ಕೊನೆಯಿಂದ ಆ ಕೊನೆಗೆ ತುಂಡಾಗದೆ ಇದೆಯೇ ಎಂಬುದನ್ನು ಮಾತ್ರ. ಆದರೆ ಮೂರು ಮತ್ತು ಆರನೆಯ ಸ್ಥಾನಗಳಲ್ಲಿ ಹರಿಯುವ ಸಂಕೇತದ ಎರಡು ಅರ್ಧಗಳು ಈಗ ಬೇರೆ ಬೇರೆ ಹುರಿಗಳಲ್ಲಿ ಹಂಚಿಹೋಗಿ, ಬೆಲ್ಲನ ಉಪಾಯ ನಿಷ್ಫಲವಾಗಿರುತ್ತದೆ. ಎರಡು ಮೀಟರಿನ ತಂತಿಯಾದರೆ ಹೇಗೋ ನಡೆಯುತ್ತದೆ. ಹದಿನೈದು ಮೀಟರಾದಾಗ ಸಂಪರ್ಕ ಆಗಾಗ ಕಡಿಯುತ್ತದೆ, ಮತ್ತು ದೋಷವನ್ನು ರೌಟರಿನ ಮೇಲೆ, ಸಂಸ್ಥೆಯ ಮೇಲೆ, ಮಳೆಯ ಮೇಲೆ ಹೊರಿಸುತ್ತ ತಿಂಗಳುಗಳು ಕಳೆಯುತ್ತವೆ. ಇನ್ನೊಂದು ಲಕ್ಷಣವನ್ನೂ ಗುರುತಿಟ್ಟುಕೊಳ್ಳಬಹುದು. ನೂರು ಮೆಗಾಬಿಟ್ಟಿನ ವೇಗಕ್ಕೆ ಎರಡು ಜೋಡಿ ಸಾಕು, ಸಾವಿರಕ್ಕೆ ನಾಲ್ಕೂ ಬೇಕು. ನೀಲಿಯದೋ ಕಂದಿನದೋ ಒಂದು ಎಳೆ ಸರಿಯಾಗಿ ಕೂತಿಲ್ಲದಿದ್ದರೆ ಯಂತ್ರಗಳು ಗೊಣಗದೆ ನೂರಕ್ಕೆ ಇಳಿದು ನಡೆಯುತ್ತವೆ. ಮುನ್ನೂರು ಮೆಗಾಬಿಟ್ಟಿಗೆ ಹಣ ಕೊಡುತ್ತಿರುವವನ ವೇಗಪರೀಕ್ಷೆ ಪ್ರತಿ ಸಲವೂ 94ರ ಆಸುಪಾಸಿಗೆ ಬಂದು ನಿಂತರೆ, ಹಾಗೂ ಪೆಟ್ಟಿಗೆಯ ಪೋರ್ಟು ಹಳೆಯ ಕಾಲದ ನೂರರದೇ ಅಲ್ಲವೆಂದು ಖಚಿತವಾದರೆ, ಸಂಸ್ಥೆಗೆ ಫೋನು ಮಾಡುವುದಕ್ಕೆ ಮೊದಲು ತುದಿಗಳನ್ನು ಕತ್ತರಿಸಿ ಹೊಸದಾಗಿ ಕಟ್ಟಿಸುವುದು ಮೇಲು.

ಇನ್ನು ದಾರಿ. ಪಗಡಿ ಪದ್ಧತಿಯಲ್ಲಿ, ಅಂದರೆ ಮೊದಲೇ ದೊಡ್ಡ ಮೊತ್ತ ತೆತ್ತು ಕಿರು ಬಾಡಿಗೆಗೆ ಹಕ್ಕು ಪಡೆದು, ತಲೆಮಾರುಗಳಿಂದ ವಾಸವಾಗಿರುವ ಬಾಡಿಗೆದಾರನಿಗೆ ಗೋಡೆ ತನ್ನದೂ ಹೌದು, ತನ್ನದಲ್ಲವೂ ಹೌದು. ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತವಾದ ನಿರ್ಮಾಣವನ್ನು ಮಾಡುವುದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಮನೆ ತೆರವಿಗೆ ಕಾರಣವಾಗಬಲ್ಲದು. ಗೋಡೆಗೆ ಹೊಂದಿಸಿದ ಪ್ಲಾಸ್ಟಿಕ್ ಪಟ್ಟಿ ಶಾಶ್ವತ ನಿರ್ಮಾಣವಲ್ಲವೆಂದು ಯಾರಾದರೂ ಒಪ್ಪುತ್ತಾರೆ. ಆದರೆ ಭಾರ ಹೊತ್ತ ಗೋಡೆಯಲ್ಲಿ ಉದ್ದುದ್ದಕ್ಕೆ ಕಾಲುವೆ ತೋಡಿ ಕೊಳವೆ ಹುದುಗಿಸುವುದು ಕಾಯಿದೆಯ ಮಾತು ಬಿಟ್ಟರೂ ಕಟ್ಟಡದ ಆಯುಸ್ಸಿನ ದೃಷ್ಟಿಯಿಂದ ಯುಕ್ತವಲ್ಲ. ಗಾಮದೇವಿಯ ಕಡೆಯ ಒಂದು ಮನೆಯಲ್ಲಿ ಡ್ರಿಲ್ಲನ್ನು ಎತ್ತಿಹಿಡಿದ ವಾಯರ್‌ಮನ್‌ನನ್ನು ಮನೆಯ ಹಿರಿಯಾಕೆ ತಡೆದದ್ದನ್ನು ನೋಡಿದ್ದೇನೆ. ‘ನಿಲ್ಲಪ್ಪಾ, ಆ ಗೋಡೆಯ ಆಚೆ ಮಗ್ಗುಲು ಅವರ ದೇವರ ಕೋಣೆ’ ಎಂದರು ಆಕೆ. ‘ಸಣ್ಣ ತೂತು, ಮಾವಶಿ, ಅವರಿಗೆ ಗೊತ್ತೇ ಆಗುವುದಿಲ್ಲ’ ಎಂದ ಆತ. ‘ಗೊತ್ತಾಗದಿದ್ದರೆ ಇನ್ನೂ ಕೆಟ್ಟದ್ದು’ ಎಂದು ಆಕೆ ಬಾಗಿಲಿನ ಚೌಕಟ್ಟಿನ ಮೇಲಿದ್ದ, ಹಿಂದೆ ಟೆಲಿಫೋನಿನ ತಂತಿ ಹಾದುಹೋಗಿದ್ದ ರಂಧ್ರವನ್ನು ಬೆರಳೆತ್ತಿ ತೋರಿಸಿದರು. ತಂತಿ ಅಲ್ಲಿಂದಲೇ ಹೋಯಿತು. ಹಳೆಯ ಮನೆಗಳಲ್ಲಿ ಇಂಥ ಸಿದ್ಧ ಮಾರ್ಗಗಳು ಹಲವು: ಟೆಲಿಫೋನಿನದು, ಕೇಬಲ್ ಟಿವಿಯದು, ಬಾಗಿಲಿನ ಗಂಟೆಯದು. ಮೊದಲು ಅವನ್ನು ಹುಡುಕಿ ಮುಗಿಸಿ, ಅನಂತರ ಡ್ರಿಲ್ಲಿಗೆ ಕೈಹಾಕತಕ್ಕದ್ದು. ಬಾಗಿಲಿನ ಸಂದಿಯಲ್ಲೇ ಹಾಯಿಸಬೇಕಾದರೆ ರಿಬ್ಬನ್ನಿನಂತೆ ಚಪ್ಪಟೆಯಾದ ತಂತಿಗಳೂ ಸಿಗುತ್ತವೆ, ಆದರೆ ಅವುಗಳಲ್ಲಿ ಎಳೆ ತೆಳು. ಅಲ್ಪ ದೂರಕ್ಕೆ ಮಾತ್ರ ಸಲ್ಲುತ್ತವೆ.

ಸೂರಿನ ಅಂಚಿನಲ್ಲೋ ಗೋಡೆಯ ಬುಡದಲ್ಲೋ ಪಟ್ಟಿಯೊಳಗೆ ಸಾಗುವ ತಂತಿಯನ್ನು ಮೂಲೆಗಳಲ್ಲಿ ಚೂಪಾಗಿ ಮಡಿಸಬಾರದು. ಒಂದು ಅಂಗುಲದಷ್ಟು ತ್ರಿಜ್ಯದ ಬಾಗು ಇರಬೇಕು. ಮೊಳೆಯ ಕ್ಲಿಪ್ಪನ್ನು ತಂತಿ ಅಪ್ಪಚ್ಚಿಯಾಗುವಂತೆ ಹೊಡೆಯಬಾರದು. ಮನೆಯ ಕರೆಂಟಿನ ವೈರು ಇರುವ ಕೊಳವೆಯೊಳಗೆ ಇದನ್ನು ತೂರಿಸುವುದು ಅತಿ ಸುಲಭವಾದ ದಾರಿಯೆಂದು ಎಷ್ಟೋ ವಾಯರ್‌ಮನ್‌ಗಳು ಹೇಳುತ್ತಾರೆ. ಅದಕ್ಕೆ ಎಂದೆಂದಿಗೂ ಒಪ್ಪಕೂಡದು. ಗದ್ದಲದ ಮಾತು ಹಾಗಿರಲಿ, ಹಳೆಯ ವೈರಿನ ಹೊದಿಕೆ ಎಲ್ಲಾದರೂ ಸವೆದಿದ್ದರೆ 230 ವೋಲ್ಟು ನೇರವಾಗಿ ಕಂಪ್ಯೂಟರಿಗೂ ಅದನ್ನು ಮುಟ್ಟಿದವನಿಗೂ ತಲುಪುತ್ತದೆ. ಎರಡು ತಂತಿಗಳು ಪರಸ್ಪರ ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಿದರೆ ಉಪದ್ರವವಿಲ್ಲ.

ಒಳಕೋಣೆಯ ಕೊನೆಯಲ್ಲಿ ತಂತಿಗೆ ನೇರವಾಗಿ ಪ್ಲಗ್ ಕಟ್ಟುವುದಕ್ಕಿಂತ ಗೋಡೆಗೊಂದು ಸಾಕೆಟ್ಟನ್ನು ಕೂರಿಸಿ, ಅಲ್ಲಿಂದ ಯಂತ್ರಕ್ಕೆ ಮೃದುವಾದ ಸಿದ್ಧ ತಂತಿಯನ್ನು ಬಳಸುವುದು ಒಳ್ಳೆಯದು. ಗೋಡೆಯ ತಂತಿಯ ಎಳೆ ಗಟ್ಟಿಯಾದದ್ದು, ಪದೇ ಪದೇ ಅಲುಗಾಡಿದರೆ ಮುರಿಯುತ್ತದೆ. ಅಲ್ಲಿ ಟಿವಿ, ಕಂಪ್ಯೂಟರ್ ಎರಡೂ ಇದ್ದರೆ ಐದು ಪೋರ್ಟಿನ ಒಂದು ಸಣ್ಣ ಸ್ವಿಚ್ ಸಾಕು. ಅದಕ್ಕೆ ಯಾವ ಹೊಂದಾಣಿಕೆಯೂ ಬೇಡ, ತಂತಿ ಸಿಕ್ಕಿಸಿದರೆ ಮುಗಿಯಿತು. ಒಂದೇ ಸ್ವಿಚ್ಚಿನ ಎರಡು ಪೋರ್ಟುಗಳನ್ನು ಒಂದೇ ತಂತಿಯಿಂದ ಜೋಡಿಸಿಬಿಟ್ಟರೆ ಮಾತ್ರ ಸಂದೇಶಗಳು ಚಕ್ರದಂತೆ ಸುತ್ತುತ್ತ ಬೆಳೆದು ಮನೆಯ ಸಂಪರ್ಕವೆಲ್ಲ ಉಸಿರುಕಟ್ಟುತ್ತದೆ; ಗುಡಿಸಿ ಒರೆಸುವವರು ಕಳಚಿಬಿದ್ದ ತುದಿಯನ್ನು ಸದುದ್ದೇಶದಿಂದ ಖಾಲಿ ಪೋರ್ಟಿಗೆ ಸಿಕ್ಕಿಸಿದ ಫಲವಾಗಿ ಹೀಗಾಗುವುದು ವಿರಳವಲ್ಲ.

ಮೊಬೈಲಿಗೆ ಅಲೆಯೂ ಬೇಕಾದರೆ ಕಪಾಟಿನಲ್ಲಿ ನಿದ್ರಿಸುತ್ತಿರುವ ಹಳೆಯ ರೌಟರನ್ನು ಎಬ್ಬಿಸಬಹುದು. ಆದರೆ ತಂತಿಯನ್ನು ಅದರ ‘ವ್ಯಾನ್’ ಎಂದು ಗುರುತಿರುವ, ಸಾಮಾನ್ಯವಾಗಿ ಬೇರೆ ಬಣ್ಣದ ಪೋರ್ಟಿಗೆ ಸಿಕ್ಕಿಸಿದರೆ ಮನೆಯೊಳಗೆ ಇನ್ನೊಂದು ಮನೆಯಾಗುತ್ತದೆ: ಒಳಕೋಣೆಯ ಮೊಬೈಲಿಗೆ ಹೊರಕೋಣೆಯ ಪ್ರಿಂಟರು ಕಾಣಿಸುವುದಿಲ್ಲ. ಅದರ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿದರೆ ಆಯಿತು. ಇಲ್ಲದಿದ್ದರೆ, ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಎಂಬ ಅಧಿಕಾರವನ್ನು ಅದರಿಂದ ಕಿತ್ತುಕೊಂಡು, ಅದರ ಸ್ವಂತ ವಿಳಾಸ ಮೊದಲನೆಯ ಪೆಟ್ಟಿಗೆಯ ವಿಳಾಸಕ್ಕೆ ಡಿಕ್ಕಿ ಹೊಡೆಯದಂತೆ ಬದಲಾಯಿಸಿ, ತಂತಿಯನ್ನು ಉಳಿದ ನಾಲ್ಕು ಲ್ಯಾನ್ ಪೋರ್ಟುಗಳಲ್ಲೊಂದಕ್ಕೆ ಸಿಕ್ಕಿಸಬೇಕು. ಎರಡೂ ಪೆಟ್ಟಿಗೆಗಳಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು, ಬೇರೆ ಬೇರೆ ಚಾನೆಲ್ ಇಟ್ಟರೆ ಮೊಬೈಲು ಕೋಣೆಯಿಂದ ಕೋಣೆಗೆ ತಾನಾಗಿ ಬದಲಿಸಿಕೊಳ್ಳುತ್ತದೆ, ಕೆಲವೊಮ್ಮೆ ತುಸು ಸೋಮಾರಿತನದಿಂದ. ಮನೆಯ ಕರೆಂಟಿನ ವೈರಿನ ಮೇಲೆಯೇ ಅಂತರ್ಜಾಲವನ್ನು ಸಾಗಿಸುವ ಪವರ್‌ಲೈನ್ ಅಡಾಪ್ಟರುಗಳೂ ಉಂಟು. ವೈರಿಂಗು ಹೊಸದಾಗಿದ್ದು ಎರಡೂ ಕೋಣೆಗಳು ಒಂದೇ ಫೇಸಿನಲ್ಲಿದ್ದರೆ ಅವು ತಕ್ಕಮಟ್ಟಿಗೆ ನಡೆಯುತ್ತವೆ. ಗ್ರಾಂಟ್ ರೋಡಿನ ಹಳೆಯ ವೈರಿಂಗನ್ನು ಕಂಡವರು ಆ ಭರವಸೆಯನ್ನು ಇಟ್ಟುಕೊಳ್ಳಲಾರರು.

ಈ ಕಟ್ಟಡಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಸೆಸ್ ಕಟ್ಟಡಗಳ ಪುನರ್ನಿರ್ಮಾಣದ ನಿಯಮದಡಿ ಹಳೆಯ ಬಾಡಿಗೆದಾರರು ಅದೇ ಜಾಗದಲ್ಲಿ ಏಳುವ ಗೋಪುರಗಳಿಗೆ ಏರುತ್ತಿದ್ದಾರೆ. ದಪ್ಪ ಗೋಡೆಯ ಕಾಟ ತೀರಿತೆಂದು ನಂಬಿ ಹೋದವರಿಗೆ ಅಲ್ಲಿ ಕಾದಿರುವುದು ಇನ್ನೊಂದು ಬಗೆಯ ಗೋಡೆ. ಅಲ್ಯೂಮಿನಿಯಮ್ ಅಚ್ಚಿನೊಳಗೆ ಕಾಂಕ್ರೀಟನ್ನು ಸುರಿದು ಗೋಡೆ, ಸೂರು ಎಲ್ಲವನ್ನೂ ಒಟ್ಟಿಗೆ ಎರಕ ಹೊಯ್ಯುವ, ಇಲ್ಲಿನ ಬಿಲ್ಡರುಗಳು ‘ಮಿವಾನ್’ ಎಂದು ಕರೆಯುವ ಪದ್ಧತಿಯಲ್ಲಿ ಕೋಣೆಕೋಣೆಯ ನಡುವಿನ ಗೋಡೆಯೊಳಗೂ ಕಬ್ಬಿಣದ ಸರಳುಗಳ ಬಲೆ ಇರುತ್ತದೆ. ತೆಳುವಾದರೂ ವೈಫೈಗೆ ಅದು ಇಟ್ಟಿಗೆಗಿಂತ ಬಲವಾದ ತಡೆ, ಮತ್ತು ಎರಕವಾದ ಮೇಲೆ ಅದರಲ್ಲಿ ಕಾಲುವೆ ತೋಡುವಂತೆಯೂ ಇಲ್ಲ. ಕೊಳವೆಗಳನ್ನೆಲ್ಲ ಕಾಂಕ್ರೀಟು ಬೀಳುವ ಮೊದಲೇ ಅಚ್ಚಿನೊಳಗೆ ಕಟ್ಟಿರಬೇಕು. ಆದುದರಿಂದ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಸಂಘದ ಸಭೆಯಲ್ಲಿ ಎದ್ದುನಿಂತು, ಮುಂಬಾಗಿಲಿನ ಪೆಟ್ಟಿಗೆಯಿಂದ ಪ್ರತಿ ಕೋಣೆಗೂ ಕರೆಂಟಿನದಕ್ಕಿಂತ ಪ್ರತ್ಯೇಕವಾದ, 25 ಮಿಲಿಮೀಟರಿನ ಒಂದೊಂದು ಕೊಳವೆ ಬೇಕೆಂದು ಕೇಳಿ ಅದನ್ನು ಠರಾವಿನಲ್ಲಿ ಬರೆಯಿಸಬೇಕು. ಫೈಬರಿನ ಪೆಟ್ಟಿಗೆ ಕೂರುವಲ್ಲಿ ಎರಡು ವಿದ್ಯುತ್ ಪಾಯಿಂಟುಗಳನ್ನೂ ಸೇರಿಸಿ ಕೇಳಬೇಕು. ಕೊಳವೆಯೊಳಗೆ ಈಗ ಯಾವ ತಂತಿ ಹಾಕುತ್ತಾರೆಂಬುದು ಅಷ್ಟು ಮುಖ್ಯವಲ್ಲ. ತಂತಿಯನ್ನು ಬದಲಿಸಬಹುದು, ಕೊಳವೆ ಖಾಲಿಯಾಗಿ ಬಂದರೂ ಸರಿ, ಎಳೆಯುವುದಕ್ಕೆ ಒಂದು ನೈಲಾನ್ ದಾರವನ್ನು ಒಳಗೆ ಬಿಟ್ಟಿದ್ದಾರೆಯೇ ಎಂದು ಮನೆಯ ಕೀಲಿಕೈ ಪಡೆಯುವ ದಿನ ಎರಡೂ ತುದಿಗಳನ್ನು ಹಿಡಿದು ಜಗ್ಗಿ ನೋಡಿದರೆ ಆಯಿತು.